ಇಲ್ಲದ ಡಿಸ್ಕಿನ ಹದಿನಾರು ತಲೆಗಳು

2016ರಲ್ಲಿ ನಾನು ಒಂದು ಸಾಲು ಕೋಡ್ ಬದಲಾಯಿಸಿದೆ. ನಿಜಕ್ಕೂ ಒಂದೇ ಸಾಲು. ಅದರಿಂದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಜನರಿಗೆ ಏಳನೇ ತಾರೀಕು ಬರಬೇಕಿದ್ದ ಸಂಬಳ ಒಂಬತ್ತನೇ ತಾರೀಕು ಬಂತು. ಆ ಫ್ಯಾಕ್ಟರಿ ಎಲ್ಲಿದೆ ಅಂತಲೂ ನನಗೆ ಗೊತ್ತಿರಲಿಲ್ಲ. ಆದರೆ ಆ ದಿನಗಳಲ್ಲಿ ನಮ್ಮಕ್ಕ ಅಂಥದ್ದೇ ಇನ್ನೊಂದು ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯೋಕೆ ಹೋಗುತ್ತಿದ್ದಳು. ಏಳನೇ ತಾರೀಕು ಅಂದರೆ ಏನು ಅಂತ ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಮನೆ ಬಾಡಿಗೆ, ಚೀಟಿ ದುಡ್ಡು, ದಿನಸಿ ಅಂಗಡಿಯ ಬಾಕಿ, ಎಲ್ಲವೂ ಆ ಒಂದು ದಿನದ ಮೇಲೆ ನಿಂತಿರುತ್ತೆ.

ನಡೆದದ್ದು ಇಷ್ಟು. ನಾನಿದ್ದ ಕಂಪನಿ ಬೇರೆಯವರ ಕಂಪ್ಯೂಟರ್‌ಗಳನ್ನ ವರ್ಚುವಲ್ ಮಷಿನ್‌ಗಳಾಗಿ ಇಟ್ಟುಕೊಂಡು ನಡೆಸಿಕೊಡುತ್ತಿತ್ತು. ವರ್ಚುವಲ್ ಮಷಿನ್ ಅಂದರೆ ದೊಡ್ಡ ಸರ್ವರ್ ಒಂದರೊಳಗೆ ಸಾಫ್ಟ್‌ವೇರ್ ಕಟ್ಟಿಕೊಟ್ಟ ಸುಳ್ಳು ಕಂಪ್ಯೂಟರ್. ಅದರ ಡಿಸ್ಕ್ ಕೂಡ ಸುಳ್ಳು. ಸರ್ವರಿನಲ್ಲಿರೋ ಒಂದು ದೊಡ್ಡ ಫೈಲನ್ನೇ ಒಳಗಿನ ವಿಂಡೋಸ್‌ಗೋ ಲಿನಕ್ಸ್‌ಗೋ 'ಇದೇ ನಿನ್ನ ಹಾರ್ಡ್ ಡಿಸ್ಕ್' ಅಂತ ತೋರಿಸುತ್ತಾರೆ. ಆ ಡಿಸ್ಕನ್ನ ಯಾವ ರೀತಿಯ ಕಂಟ್ರೋಲರ್ ಮೂಲಕ ತೋರಿಸಬೇಕು ಅಂತ ಪ್ರತಿ ಮಷಿನ್‌ನ ಕಾನ್ಫಿಗರೇಶನ್‌ನಲ್ಲಿ ಬರೆಯಬಹುದು. ಬರೆಯದೇ ಇದ್ದರೆ ನಮ್ಮ ಕೋಡ್ ತಾನೇ 'ಐಡಿಇ' ಅಂತ ಇಟ್ಟುಕೊಳ್ಳುತ್ತಿತ್ತು. ಐಡಿಇ 1980ರ ದಶಕದ ತಂತ್ರಜ್ಞಾನ. ಅದನ್ನ ಸಾಫ್ಟ್‌ವೇರಿನಲ್ಲಿ ಅನುಕರಿಸೋದು ನಿಧಾನ. ವರ್ಚುವಲ್ ಮಷಿನ್‌ಗಳಿಗೆ ಅಂತಲೇ ಮಾಡಿದ 'ವರ್ಟಿಯೋ' ಅನ್ನೋದು ತುಂಬಾ ವೇಗ. ಹಾಗಾಗಿ ಏಪ್ರಿಲ್ ಮೊದಲ ವಾರ ನಾನು ಆ ಡಿಫಾಲ್ಟನ್ನ ಐಡಿಇಯಿಂದ ವರ್ಟಿಯೋಗೆ ಬದಲಾಯಿಸಿದೆ. ಟೆಸ್ಟ್‌ಗಳೆಲ್ಲ ಪಾಸಾದವು. ಹೊಸ ಮಷಿನ್‌ಗಳು ಚುರುಕಾಗಿ ಓಡಿದವು. ಟೀಮ್ ಮೀಟಿಂಗಿನಲ್ಲಿ ಶಭಾಷ್ ಅನ್ನಿಸಿಕೊಂಡೆ.

ಹಳೆಯ ಮಷಿನ್‌ಗಳಿಗೂ ಏನೂ ಆಗಲಿಲ್ಲ. ಯಾಕಂದರೆ ಓಡುತ್ತಿರೋ ಮಷಿನ್ ತನ್ನ ಕಾನ್ಫಿಗರೇಶನ್ ಕಡೆ ತಿರುಗಿ ನೋಡೋದಿಲ್ಲ. ಆಫ್ ಮಾಡಿ ಆನ್ ಮಾಡಿದಾಗಲೇ ನೋಡೋದು. ಐದು ವಾರ ಹಾಗೇ ಕಳೆಯಿತು. ಮೇ 6ರ ಶುಕ್ರವಾರ ರಾತ್ರಿ ಮೇಂಟೆನೆನ್ಸ್‌ಗೆ ಅಂತ ಸರ್ವರ್‌ಗಳನ್ನ ರೀಬೂಟ್ ಮಾಡಿದರು. ಬೆಳಗಿನ ಜಾವ 3 ಗಂಟೆಗೆ ನನ್ನ ಫೋನ್ ಹೊಡೆದುಕೊಳ್ಳೋಕೆ ಶುರುವಾಯಿತು.

ಹಳೆಯ ವಿಂಡೋಸ್ ಸರ್ವರ್ 2003 ಮಷಿನ್‌ಗಳೆಲ್ಲ ನೀಲಿ ಪರದೆ ತೋರಿಸಿಕೊಂಡು ನಿಂತಿದ್ದವು. ಕೋಡ್ 7ಬಿ. ಅಂದರೆ, 'ನಾನು ಬೂಟ್ ಆಗಬೇಕಾದ ಡಿಸ್ಕೇ ನನಗೆ ಕಾಣಿಸುತ್ತಿಲ್ಲ.' ವಿಂಡೋಸ್‌ಗೆ ವರ್ಟಿಯೋ ಡ್ರೈವರ್ ಹಾಕಿದರೆ ಕಾಣಿಸುತ್ತೆ. ಆದರೆ ಡ್ರೈವರ್ ಹಾಕಬೇಕಾದರೆ ವಿಂಡೋಸ್ ಮೊದಲು ಏಳಬೇಕು. ಮನೆಗೆ ಬೀಗ ಹಾಕಿ ಕೀಲಿಕೈಯನ್ನ ಒಳಗೇ ಬಿಟ್ಟುಬಂದ ಕಥೆ. ಹಳೆಯ ಲಿನಕ್ಸ್‌ಗಳದ್ದು ಇನ್ನೊಂದು ಗೋಳು. ಐಡಿಇ ಡಿಸ್ಕಿಗೆ ಅವು 'ಎಚ್‌ಡಿಎ' ಅಂತ ಹೆಸರಿಟ್ಟುಕೊಂಡಿದ್ದವು; ವರ್ಟಿಯೋ ಆದಮೇಲೆ ಅದೇ ಡಿಸ್ಕಿನ ಹೆಸರು 'ವಿಡಿಎ'. ಯಾವ ಡಿಸ್ಕನ್ನ ಎಲ್ಲಿ ಜೋಡಿಸಬೇಕು ಅನ್ನೋ ಪಟ್ಟಿಯಲ್ಲಿ ಹಳೆಯ ಹೆಸರೇ ಇತ್ತು. ಮನೆಯಲ್ಲೇ ಕೂತವನನ್ನ ಊರೆಲ್ಲಾ ಹುಡುಕಿದ ಹಾಗೆ.

ನಮ್ಮ ಟೀಮಿನಲ್ಲಿ ಹಾವೇರಿ ಕಡೆಯ ಹಿರಿಯರೊಬ್ಬರಿದ್ದರು. ಅವರು ಕಾಲ್‌ಗೆ ಬಂದು ಎಲ್ಲಾ ಕೇಳಿಸಿಕೊಂಡು, "ಬದಲ್ ಮಾಡೋ ಮುಂದ ಹಳೇ ಮಷಿನ್‌ಗಳನ್ನ ಕೇಳಿದ್ಯೇನಪಾ?" ಅಂದರು. ತಮಾಷೆ ಅಂದುಕೊಂಡೆ. "ಸರ್, ಈಗಲೇ ರಿವರ್ಟ್ ಮಾಡ್ತೀನಿ, ಒಂದೇ ಸಾಲು" ಅಂದೆ. "ತಡಿ, ಈ ಐದು ವಾರದಾಗ ಹುಟ್ಟಿದ ಮಷಿನ್‌ಗಳು?"

ನನ್ನ ಕೈ ಕೀಬೋರ್ಡ್ ಮೇಲೆ ಹಾಗೇ ನಿಂತಿತು. ಈ ಐದು ವಾರದಲ್ಲಿ ಹುಟ್ಟಿದವು ವರ್ಟಿಯೋ ಡಿಸ್ಕ್ ನೋಡಿಕೊಂಡೇ ಇನ್‌ಸ್ಟಾಲ್ ಆಗಿದ್ದವು. ಅವುಗಳ ಕಾನ್ಫಿಗರೇಶನ್‌ನಲ್ಲೂ ಏನೂ ಬರೆದಿರಲಿಲ್ಲ. ಡಿಫಾಲ್ಟನ್ನ ವಾಪಸ್ ಐಡಿಇ ಮಾಡಿದ್ದರೆ, ಹಳೆಯವು ಎದ್ದು ಹೊಸವು ಮಲಗುತ್ತಿದ್ದವು. ತಪ್ಪನ್ನ ತಿದ್ದೋದೂ ಒಂದು ಬದಲಾವಣೆಯೇ. ಅದಕ್ಕೂ ಯಾರನ್ನೋ ಕೇಳಬೇಕು ಅನ್ನೋದು ನನಗೆ ಅಂದು ಗೊತ್ತಾಯಿತು. ಶನಿವಾರವಿಡೀ ಕೂತು, ಪ್ರತಿ ಮಷಿನ್ ಹುಟ್ಟಿದ ದಿನಾಂಕ ನೋಡಿ, ಅದಕ್ಕೆ ತಕ್ಕಂತೆ ಕಾನ್ಫಿಗರೇಶನ್‌ನಲ್ಲಿ ಸ್ಪಷ್ಟವಾಗಿ ಬರೆದೆವು. ಫ್ಯಾಕ್ಟರಿಯ ಪೇರೋಲ್ ಮಷಿನ್ ಏಳುವಷ್ಟರಲ್ಲಿ ಸಂಜೆಯಾಗಿತ್ತು. ಬ್ಯಾಂಕ್ ಮುಚ್ಚಿತ್ತು. ಮಾರನೇ ದಿನ ಭಾನುವಾರ.

ಅವತ್ತಿನ ಆ ಪ್ರಶ್ನೆ ನನ್ನನ್ನ ಬಿಡಲಿಲ್ಲ. ನನಗಿಂತ ಮುಂಚೆ ಡಿಸ್ಕುಗಳನ್ನ ಬದಲಾಯಿಸಿದವರು ಹಳೆಯ ಮಷಿನ್‌ಗಳನ್ನ ಹೇಗೆ ಕೇಳುತ್ತಿದ್ದರು? ಬಿಡುವಾದಾಗಲೆಲ್ಲ ಹುಡುಕಿಕೊಂಡು ಓದಿದೆ. ಓದುತ್ತಾ ಹೋದರೆ ಅದು ಅರವತ್ತು ವರ್ಷದ ಇತಿಹಾಸ.

ಹಾರ್ಡ್ ಡಿಸ್ಕ್ ಹುಟ್ಟಿದ್ದು 1956ರಲ್ಲಿ, ಐಬಿಎಂನಲ್ಲಿ. 24 ಇಂಚಿನ 50 ತಟ್ಟೆಗಳು ಒಂದರ ಮೇಲೊಂದು ತಿರುಗೋ ಆ ಯಂತ್ರದಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಮುಂದಿನ ದಶಕಗಳ ಡಿಸ್ಕುಗಳಲ್ಲಿ ಮಾಹಿತಿ ಎಲ್ಲಿದೆ ಅಂತ ಹೇಳೋಕೆ ವಿಳಾಸವೊಂದು ಬಳಕೆಗೆ ಬಂತು. ತಟ್ಟೆಗಳ ಮೇಲೆ ಒಂದರ ಕೆಳಗೊಂದು ಬರೋ ವೃತ್ತಗಳೆಲ್ಲ ಸೇರಿ ಒಂದು ಸಿಲಿಂಡರ್. ಒಂದೊಂದು ಮುಖಕ್ಕೂ ಓದೋಕೆ ಒಂದೊಂದು ತಲೆ, ಅಂದರೆ ಹೆಡ್. 'ಇಷ್ಟನೇ ಸಿಲಿಂಡರ್, ಇಷ್ಟನೇ ಹೆಡ್, ಅಲ್ಲಿ ಇಷ್ಟನೇ ತುಂಡು.' ಇದು ಬರೀ ಹೆಸರಲ್ಲ, ನಿಜವಾದ ಜಾಗ. ಪ್ರೋಗ್ರಾಮ್ ಬರೆಯೋರು ಈ ಜಾಗವನ್ನ ಲೆಕ್ಕ ಹಾಕಿಯೇ ಬರೆಯುತ್ತಿದ್ದರು.

1964ರ ಏಪ್ರಿಲ್ 7ರಂದು ಐಬಿಎಂ ತನ್ನ ಸಿಸ್ಟಂ/360 ಘೋಷಿಸಿತು. ಚಿಕ್ಕ ಮಷಿನ್‌ನಿಂದ ದೊಡ್ಡ ಮಷಿನ್‌ವರೆಗೆ ಒಂದೇ ಪ್ರೋಗ್ರಾಮ್ ಓಡುತ್ತೆ ಅನ್ನೋದು ಅದರ ವಚನ. ಆದರೆ ಆಗಲೇ ಐಬಿಎಂ 1401 ಅನ್ನೋ ಹಳೆಯ ಮಷಿನ್ ಇಟ್ಟುಕೊಂಡ ಸಾವಿರಾರು ಗ್ರಾಹಕರಿದ್ದರು. ಅವರ ಪ್ರೋಗ್ರಾಮ್‌ಗಳ ಗತಿ? ಅದಕ್ಕಾಗಿ ಹೊಸ ಮಾಡೆಲ್ 30ರೊಳಗೇ 1401ರಂತೆ ನಟಿಸೋ ವ್ಯವಸ್ಥೆ ಇಟ್ಟರು. ಹೊಸ ಮಷಿನ್ ಮಾರಬೇಕಾದರೆ ಅದು ಹಳೆಯದರ ವೇಷವನ್ನೂ ಹಾಕಬೇಕು ಅನ್ನೋದು ಅಲ್ಲಿಗೇ ಗೊತ್ತಾಗಿತ್ತು.

ಸುಳ್ಳು ಡಿಸ್ಕ್ ಬಂದದ್ದೂ ಅದೇ ಮನೆತನದಲ್ಲಿ. ಮೆಸಾಚುಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿದ್ದ ಐಬಿಎಂ ತಂಡ 60ರ ದಶಕದಲ್ಲಿ ಸಿಪಿ-40, ಸಿಪಿ-67 ಅನ್ನೋ ವ್ಯವಸ್ಥೆಗಳನ್ನ ಕಟ್ಟಿತು. 1972ರಲ್ಲಿ ಅದೇ ವಿಎಂ/370 ಆಗಿ ಮಾರುಕಟ್ಟೆಗೆ ಬಂತು. ಅದರಲ್ಲಿ 'ಮಿನಿಡಿಸ್ಕ್' ಅಂತ ಒಂದಿತ್ತು. ನಿಜವಾದ ಡಿಸ್ಕಿನ ಒಂದಷ್ಟು ಸಿಲಿಂಡರ್‌ಗಳನ್ನ ಕತ್ತರಿಸಿ ಒಬ್ಬ ಬಳಕೆದಾರನಿಗೆ ಕೊಡೋದು. ಅವನ ಪಾಲಿಗೆ ಬಂದದ್ದು ನಿಜದಲ್ಲಿ 100ನೇ ಸಿಲಿಂಡರ್‌ನಿಂದ ಶುರುವಾದರೂ, ಅವನಿಗೆ ಕಾಣೋದು ಸೊನ್ನೆಯಿಂದ. ಅಣ್ಣತಮ್ಮಂದಿರ ಪಾಲಾದ ಮನೆಯಲ್ಲಿ ಪ್ರತಿಯೊಬ್ಬನಿಗೂ ತನ್ನ ಬಾಗಿಲೇ ತಲೆಬಾಗಿಲು ಅನ್ನಿಸೋ ಹಾಗೆ. ಒಳಗಿನ ಪ್ರೋಗ್ರಾಮ್‌ಗೆ ಯಾವ ತಿದ್ದುಪಡಿಯೂ ಬೇಕಾಗಲಿಲ್ಲ.

1989ರಲ್ಲಿ ಐಬಿಎಂ 3390 ಅನ್ನೋ ಡಿಸ್ಕ್ ತಂದಿತು. ಒಂದು ಟ್ರ್ಯಾಕಿಗೆ 56,664 ಬೈಟ್, ಒಂದು ಸಿಲಿಂಡರ್‌ಗೆ 15 ಟ್ರ್ಯಾಕ್. ಆ ಡಿಸ್ಕ್ ಇವತ್ತು ಯಾರೂ ತಯಾರಿಸೋದಿಲ್ಲ. ಆದರೆ ಬ್ಯಾಂಕುಗಳ, ವಿಮಾ ಕಂಪನಿಗಳ ಮೇನ್‌ಫ್ರೇಮ್‌ಗಳಿಗೆ ಇವತ್ತಿಗೂ ಕಾಣೋದು 3390ಯೇ. 1990ರಲ್ಲೇ ಇಎಂಸಿ ಕಂಪನಿ ತನ್ನ ಸಿಮೆಟ್ರಿಕ್ಸ್‌ನಲ್ಲಿ ಪುಟ್ಟ ಪುಟ್ಟ ಡಿಸ್ಕುಗಳನ್ನ ಜೋಡಿಸಿ, ಹೊರಗಿನವರಿಗೆ ಐಬಿಎಂನ ದೊಡ್ಡ ಡಿಸ್ಕಿನ ಮುಖ ತೋರಿಸಿತ್ತು. ಈಗ ಒಳಗಿರೋದು ಫ್ಲ್ಯಾಶ್ ಚಿಪ್‌ಗಳು. ತಿರುಗೋಕೆ ತಟ್ಟೆಯಿಲ್ಲ, ಓದೋಕೆ ತಲೆಯಿಲ್ಲ, ಆದರೂ ಸಿಲಿಂಡರ್‌ಗೆ 15 ಟ್ರ್ಯಾಕ್ ಅನ್ನೋ ಲೆಕ್ಕ ಮಾತ್ರ ತಪ್ಪಿಲ್ಲ. ಬೆಂಗಳೂರಿನಲ್ಲಿರೋರಿಗೆ ಇದು ಹೊಸದೇನಲ್ಲ. ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕ್ ಒಳಗೆ ಸೇರಿಹೋಯಿತು. ಸರ್ಕಲ್ ಮಾತ್ರ ನಮ್ಮ ಬಾಯಲ್ಲಿ ಇವತ್ತಿಗೂ ಮೈಸೂರು ಬ್ಯಾಂಕ್ ಸರ್ಕಲ್ಲೇ. ವಿಳಾಸ ಅನ್ನೋದು ಕಟ್ಟಡಕ್ಕಿಂತ ಗಟ್ಟಿ.

ಆದರೆ ಹಳೆಯ ವಿಳಾಸಕ್ಕೆ ಮಿತಿಯೂ ಇರುತ್ತೆ. ಸಿಲಿಂಡರ್ ಸಂಖ್ಯೆ ಬರೆಯೋಕೆ ಐಬಿಎಂ ಕೊಟ್ಟಿದ್ದ ಜಾಗ 16 ಬಿಟ್. ಬಳಕೆಯಲ್ಲಿದ್ದ ಮಿತಿ 65,520 ಸಿಲಿಂಡರ್, ಅಂದರೆ ಸುಮಾರು 55 ಜಿಬಿ. 2008ರ ಹೊತ್ತಿಗೆ ಅದು ಸಾಲದಾಯಿತು. ವಿಳಾಸವನ್ನೇ ಉದ್ದ ಮಾಡಿದ್ದರೆ ಅದನ್ನ ಓದೋ ಎಲ್ಲಾ ಪ್ರೋಗ್ರಾಮ್‌ಗಳೂ ಮುರಿಯುತ್ತಿದ್ದವು. ಆಗ ಒಂದು ಗಮನಿಸಿದರು: ಹೆಡ್ ಸಂಖ್ಯೆಗೂ 16 ಬಿಟ್ ಕೊಟ್ಟಿದೆ, ಆದರೆ ಇರೋದು ಬರೀ 15 ಹೆಡ್, ಅದಕ್ಕೆ 4 ಬಿಟ್ ಸಾಕು. ಮಿಕ್ಕ 12 ಬಿಟ್ ಅರ್ಧ ಶತಮಾನದಿಂದ ಖಾಲಿ ಬಿದ್ದಿದೆ! ಆ 12 ಬಿಟ್‌ಗಳನ್ನ ಸಿಲಿಂಡರ್‌ಗೆ ಕೊಟ್ಟರು. ವಿಳಾಸದ ಉದ್ದ ಅಷ್ಟೇ ಉಳಿಯಿತು, ಡಿಸ್ಕ್ 223 ಜಿಬಿಗೆ ಬೆಳೆಯಿತು. 65,520ಕ್ಕಿಂತ ಕೆಳಗಿನ ವಿಳಾಸಗಳಲ್ಲಿ ಒಂದು ಬಿಟ್ ಕೂಡ ಬದಲಾಗಲಿಲ್ಲ.

ನನಗೆ ಮುಖ್ಯ ಅನ್ನಿಸಿದ್ದು ಇದರ ಮುಂದಿನ ಹೆಜ್ಜೆ. ಆ ಗೆರೆಯಾಚೆಗಿನ ಹೊಸ ಜಾಗಕ್ಕೆ ಮೊದಲ ಆವೃತ್ತಿಯಲ್ಲಿ 'ವಿಸ್ಯಾಮ್' ಅನ್ನೋ ಒಂದೇ ಬಗೆಯ ಫೈಲುಗಳಿಗೆ ಪ್ರವೇಶ ಕೊಟ್ಟರು. ಅವುಗಳನ್ನ ಓದೋ ಪ್ರೋಗ್ರಾಮ್‌ಗಳು ಸಾಮಾನ್ಯವಾಗಿ ಸಿಲಿಂಡರ್ ಲೆಕ್ಕ ಹಾಕೋ ಗೋಜಿಗೆ ಹೋಗೋದಿಲ್ಲ. ಉಳಿದ ಫೈಲುಗಳು ಗೆರೆಯೊಳಗೇ ಉಳಿದವು. ಹಳೆಯ ಪ್ರೋಗ್ರಾಮ್‌ಗೆ ಅರ್ಥವಾಗದ ವಿಳಾಸ ಅದರ ಕೈಗೆ ಸಿಗದಂತೆ ನೋಡಿಕೊಂಡರು. ಮಾತಾಡಲಾರದ ಮಷಿನ್‌ಗಳನ್ನ 'ಕೇಳೋದು' ಅಂದರೆ ಇದೇ ಇರಬೇಕು.

ಪಿಸಿ ಲೋಕಕ್ಕೆ ಬಂದರೆ ಕಥೆಯಲ್ಲಿ ಶಿಸ್ತು ಕಡಿಮೆ, ರಂಜನೆ ಜಾಸ್ತಿ. ಪಿಸಿಯ ಬಯೋಸ್ ಡಿಸ್ಕಿನ ವಿಳಾಸವನ್ನ ಸಿಲಿಂಡರ್‌ಗೆ 10 ಬಿಟ್, ಹೆಡ್‌ಗೆ 8, ಸೆಕ್ಟರ್‌ಗೆ 6 ಅಂತ ಹಂಚಿತ್ತು. ಐಡಿಇ ಡಿಸ್ಕಿನವರು ಅದನ್ನೇ 16, 4, 8 ಅಂತ ಹಂಚಿದ್ದರು. ಎರಡೂ ತಮ್ಮ ತಮ್ಮ ಮಟ್ಟಿಗೆ ಧಾರಾಳವೇ. ಆದರೆ ಎರಡೂ ಒಪ್ಪೋದು ಎಲ್ಲಿ? ಪ್ರತಿಯೊಂದರಲ್ಲೂ ಚಿಕ್ಕದರಲ್ಲಿ: 10, 4, 6. ಅಂದರೆ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್. ಗುಣಿಸಿ ನೋಡಿ, ಸೆಕ್ಟರ್‌ಗೆ 512 ಬೈಟ್‌ನಂತೆ 52,84,82,304 ಬೈಟ್. ಆಗಿನ ಜನರ ಬಾಯಲ್ಲಿ '504 ಎಂಬಿ ಮಿತಿ'. 90ರ ದಶಕದ ಮೊದಲ ಭಾಗದಲ್ಲಿ ಡಿಸ್ಕುಗಳು ಈ ಗೋಡೆಗೆ ಬಂದು ತಾಗಿದವು.

ಉಪಾಯ? ಸುಳ್ಳು. ಬಯೋಸ್ ಸಿಲಿಂಡರ್‌ಗಳನ್ನ ಅರ್ಧ ಮಾಡಿ ಹೆಡ್‌ಗಳನ್ನ ದುಪ್ಪಟ್ಟು ಮಾಡಿ ಹೇಳತೊಡಗಿತು. ಡಿಸ್ಕಿಗೆ ಬರೀ ನಾಲ್ಕು ತಲೆಯಿದ್ದರೂ ಆಪರೇಟಿಂಗ್ ಸಿಸ್ಟಂಗೆ ರಾವಣನನ್ನೂ ಮೀರಿಸುವಷ್ಟು ತಲೆ ಕಾಣಿಸುತ್ತಿತ್ತು. ತೊಂದರೆ ಏನಾಯಿತು ಅಂದರೆ, ಎಲ್ಲಾ ಬಯೋಸ್‌ಗಳೂ ಒಂದೇ ಸುಳ್ಳು ಹೇಳಲಿಲ್ಲ. ಒಂದು ಪಿಸಿಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನ ಇನ್ನೊಂದಕ್ಕೆ ಹಾಕಿದರೆ ಕೆಲವೊಮ್ಮೆ ಬೂಟ್ ಆಗುತ್ತಲೇ ಇರಲಿಲ್ಲ. ಮುಂದೆ ಬರೀ ಕ್ರಮಸಂಖ್ಯೆಯಲ್ಲಿ ವಿಳಾಸ ಹೇಳೋ ಎಲ್‌ಬಿಎ ಪದ್ಧತಿ ಬಂದು ಈ ಗೊಂದಲ ತಣ್ಣಗಾಯಿತು. ಆದರೂ ಹಳಬರು ಕೇಳಿದರೆ ಹೇಳೋಕೆ ಒಂದು ಉತ್ತರ ಬೇಕಲ್ಲ? 8.4 ಜಿಬಿಗಿಂತ ದೊಡ್ಡ ಎಲ್ಲಾ ಡಿಸ್ಕುಗಳೂ ಒಂದೇ ಉತ್ತರ ಕಲಿತವು: 16383 ಸಿಲಿಂಡರ್, 16 ಹೆಡ್, 63 ಸೆಕ್ಟರ್. ನಿಮ್ಮ ಡಿಸ್ಕ್ 500 ಜಿಬಿಯಾಗಲಿ, 4 ಟಿಬಿಯಾಗಲಿ, ಇದೇ ಉತ್ತರ.

ಈಗ ನಮ್ಮ ಕಾಲದ ವರ್ಚುವಲ್ ಮಷಿನ್‌ಗಳಿಗೆ ಬರೋಣ. 2003ರಲ್ಲಿ ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ ಕ್ಯೂಎಮು ಅನ್ನೋ ತಂತ್ರಾಂಶ ಬಿಡುಗಡೆ ಮಾಡಿದರು. 2007ರಲ್ಲಿ ಲಿನಕ್ಸ್ ಒಳಗೆ ಕೆವಿಎಂ ಸೇರಿತು. ಇವೆರಡರ ಜೋಡಿ ಇವತ್ತಿನ ಎಷ್ಟೋ ಕ್ಲೌಡ್‌ಗಳಿಗೆ ಬುನಾದಿ. ಕ್ಯೂಎಮು ಕಟ್ಟಿಕೊಡೋ ಮಾಮೂಲಿ ಪಿಸಿ ಯಾವುದು ಗೊತ್ತಾ? ಇಂಟೆಲ್‌ನ 440ಎಫ್‌ಎಕ್ಸ್ ಚಿಪ್‌ಸೆಟ್ ಇರೋದು. 1996ರ ಮಾಡೆಲ್. ಅದಕ್ಕೆ ಐಡಿಇ ಡಿಸ್ಕ್ ಹಾಕಿ ಕೇಳಿದರೆ, ಫೈಲೊಂದರ ಆಚೆಗೆ ಅಸ್ತಿತ್ವವೇ ಇಲ್ಲದ ಆ ಡಿಸ್ಕ್ 'ನನಗೆ 16 ತಲೆ' ಅಂತಲೇ ಹೇಳುತ್ತೆ.

ಇನ್ನೂ ಸೋಜಿಗದ್ದು ಇದೆ. ಡಿಸ್ಕಿನಲ್ಲಿ ಆಗಲೇ ಪಾರ್ಟಿಷನ್ ಪಟ್ಟಿ ಇದ್ದರೆ, ಕ್ಯೂಎಮು ಅದನ್ನ ಓದಿ, 'ಇವನಿಗೆ ಹಿಂದೆ ಯಾರೋ ಯಾವ ಸುಳ್ಳು ಹೇಳಿದ್ದರು' ಅಂತ ಊಹಿಸಿ, ಆದಷ್ಟೂ ಅದೇ ಸುಳ್ಳನ್ನ ಮುಂದುವರಿಸುತ್ತೆ. 2019ರ ಕೊನೆಯಲ್ಲಿ ಬಂದ 4.2 ಆವೃತ್ತಿಯಲ್ಲಿ, ಬಯೋಸ್ ಹೇಳಬೇಕಾದ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳನ್ನ ನಾವೇ ಕೈಯಾರೆ ಬರೆಯೋ ಅವಕಾಶವನ್ನೂ ಕೊಟ್ಟರು. ಬೇರೆ ಕಡೆ ಹುಟ್ಟಿ, ಬೇರೆ ಸುಳ್ಳು ಕೇಳಿಸಿಕೊಂಡು ಬೆಳೆದ ಹಳೆಯ ವಿಂಡೋಸ್‌ಗಳನ್ನ ಇಲ್ಲಿಗೆ ತರೋಕೆ. 2019ರಲ್ಲಿ! ತಲೆಗಳೇ ಇಲ್ಲದ ಡಿಸ್ಕಿಗೆ ತಲೆ ಎಣಿಸೋ ಹೊಸ ಸೌಲಭ್ಯ!

ವರ್ಟಿಯೋ ಈ ವೇಷದ ಗೋಜಲಿಗೆ ಉತ್ತರವಾಗಿ ಬಂದದ್ದು. ಆಸ್ಟ್ರೇಲಿಯಾದ ರಸ್ಟಿ ರಸೆಲ್ ರೂಪಿಸಿದ ಇದು 2008ರ ಜನವರಿಯಲ್ಲಿ ಲಿನಕ್ಸ್ 2.6.24ರ ಜೊತೆ ಹೊರಬಂತು. ಯಾವ ನಿಜವಾದ ಡಿಸ್ಕಿನಂತೆಯೂ ನಟಿಸದೆ, 'ನಾನು ವರ್ಚುವಲ್, ನೀನೂ ವರ್ಚುವಲ್, ನೇರವಾಗಿ ಮಾತಾಡೋಣ' ಅನ್ನೋ ಧೋರಣೆ. ಮಾತು ಶುರುವಾಗೋದೇ ಒಂದು ಚೌಕಾಸಿಯಿಂದ. ಡಿಸ್ಕ್ ತನಗೆ ಗೊತ್ತಿರೋ ಸೌಲಭ್ಯಗಳ ಪಟ್ಟಿ ಕೊಡುತ್ತೆ. ಒಳಗಿನ ಡ್ರೈವರ್ ತನಗೆ ಅರ್ಥವಾದದ್ದನ್ನ ಮಾತ್ರ ಒಪ್ಪಿಕೊಳ್ಳುತ್ತೆ. ಒಪ್ಪದ್ದನ್ನ ಇಬ್ಬರೂ ಬಳಸೋದಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಬರೆದದ್ದನ್ನ ಕ್ಯಾಶ್‌ನಲ್ಲಿ ಇಟ್ಟುಕೊಂಡು ಆಮೇಲೆ ಡಿಸ್ಕಿಗೆ ಇಳಿಸಿದರೆ ವೇಗ. ಆದರೆ 'ಈಗ ಇಳಿಸು' ಅಂತ ಹೇಳೋಕೆ ಡ್ರೈವರಿಗೆ ಬರಬೇಕು. ಹಾಗೆ ಹೇಳೋದೇ ಗೊತ್ತಿಲ್ಲದ ಹಳೆಯ ಡ್ರೈವರ್ ಬಂದರೆ, ಕ್ಯೂಎಮು ತಾನಾಗಿಯೇ ಪ್ರತಿ ಬರಹವನ್ನೂ ಡಿಸ್ಕಿಗೆ ಮುಟ್ಟಿಸಿದ ಮೇಲೆಯೇ 'ಆಯಿತು' ಅನ್ನುತ್ತೆ. ನಿಧಾನವಾಗುತ್ತೆ, ಆಗಲಿ. ಕರೆಂಟ್ ಹೋದರೂ 'ಆಯಿತು' ಅಂದದ್ದು ಉಳಿದಿರಬೇಕು. ಕೇಳೋಕೆ ಬಾರದವನ ಪಾಲನ್ನೂ ಎತ್ತಿಡೋದು ಅಂದರೆ ಹೀಗೆ.

ಚೌಕಾಸಿ ಇದ್ದ ಮೇಲೆ ಸಮಸ್ಯೆ ಮುಗಿಯಿತಲ್ಲ ಅನ್ನಬಹುದು. ಮುಗಿಯಲಿಲ್ಲ. ಯಾಕಂದರೆ ಚೌಕಾಸಿ ನಡೆಯೋದು ಮಷಿನ್ ಏಳುವಾಗ ಒಂದು ಸಲ. ಕ್ಲೌಡ್‌ನಲ್ಲಿ ಓಡುತ್ತಿರೋ ಮಷಿನನ್ನ ನಿಲ್ಲಿಸದೇ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಎತ್ತಿಕೊಂಡು ಹೋಗುತ್ತಾರೆ. ಈ ಸರ್ವರಿನಲ್ಲಿ ಹಳೆಯ ಕ್ಯೂಎಮು, ಆ ಸರ್ವರಿನಲ್ಲಿ ಹೊಸದು ಅಂದುಕೊಳ್ಳಿ. ಹೊಸದರಲ್ಲಿ ಡಿಸ್ಕಿನ ಸ್ವರೂಪ ಕೂದಲೆಳೆಯಷ್ಟು ಬೇರೆಯಿದ್ದರೂ, ಒಳಗಿನ ಮಷಿನ್ ಪಾಲಿಗೆ ಓಡುತ್ತಿರೋವಾಗಲೇ ಹಾರ್ಡ್‌ವೇರ್ ಬದಲಾದಂತೆ.

2019ರಲ್ಲಿ ಇದು ನಿಜವಾಗಿಯೂ ಎದುರಾಯಿತು. ಬೇಡವಾದ ಬ್ಲಾಕ್‌ಗಳನ್ನ ವಾಪಸ್ ಕೊಡೋ 'ಡಿಸ್ಕಾರ್ಡ್' ಸೌಲಭ್ಯವನ್ನ ವರ್ಟಿಯೋ ಡಿಸ್ಕಿಗೆ ಸೇರಿಸುತ್ತಿದ್ದರು. ಅದರ ವಿವರ ಬರೆಯೋಕೆ ಡಿಸ್ಕಿನ ಕಾನ್ಫಿಗರೇಶನ್ ಜಾಗ ಕೆಲವೇ ಬೈಟ್ ಬೆಳೆಯಿತು. ಆದರೆ ಪಿಸಿಐ ಸಾಧನವೊಂದು ಕೇಳೋ ಜಾಗ 64, 128 ಹೀಗೆ ಎರಡರ ಘಾತದಲ್ಲೇ ಇರಬೇಕು. ಆ ಕೆಲವು ಬೈಟ್‌ಗಳಿಂದ ಅಂಚು ದಾಟಿ ಇಡೀ ಜಾಗವೇ ದುಪ್ಪಟ್ಟಾಯಿತು. ಸೌಲಭ್ಯವನ್ನ ಯಾರೂ ಬಳಸದಿದ್ದರೂ ಹಳೆಯ ಆವೃತ್ತಿಯಿಂದ ವಲಸೆ ಮುರಿದುಬೀಳೋ ಸ್ಥಿತಿ. ಕೊನೆಗೆ, ಯಾವ ಸೌಲಭ್ಯ ಆನ್ ಆಗಿದೆಯೋ ಅದಕ್ಕೆ ಬೇಕಾದಷ್ಟೇ ಜಾಗ ತೋರಿಸೋ ಹಾಗೆ ತಿದ್ದಿದರು.

ಇದಕ್ಕೆಲ್ಲ ಕ್ಯೂಎಮುವಿನವರು ಕಂಡುಕೊಂಡ ಪದ್ಧತಿಯ ಹೆಸರು 'ಮಷಿನ್ ಟೈಪ್'. ಪ್ರತಿ ಬಿಡುಗಡೆಯಲ್ಲೂ ಆ ಹೊತ್ತಿನ ಪಿಸಿಗೆ ಒಂದು ಹೆಸರು: ಪಿಸಿ-ಐ440ಎಫ್‌ಎಕ್ಸ್-3.1, 4.0, 4.2, ಹೀಗೆ. ಮಷಿನ್ ಹುಟ್ಟಿದಾಗಲೇ ಅದರ ಕಾನ್ಫಿಗರೇಶನ್‌ನಲ್ಲಿ ಆ ಹೆಸರು ಬರೆದಿಟ್ಟರೆ, ಹತ್ತು ಆವೃತ್ತಿ ಮುಂದಿನ ಕ್ಯೂಎಮುವಿನಲ್ಲೂ ಅದು ಆ ಹೆಸರಿನಲ್ಲೇ ಏಳುತ್ತೆ. ಕ್ಯೂಎಮುವಿನ ಕೋಡಿನಲ್ಲಿ ಇದಕ್ಕೊಂದು ಪಟ್ಟಿಯಿದೆ. ಮಾಮೂಲಿ ಕನ್ನಡದಲ್ಲಿ ಓದಿದರೆ ಅದು ಹೀಗಿದೆ: 5.1 ಅಥವಾ ಅದಕ್ಕೂ ಹಳಬನಾದರೆ, ಡಿಸ್ಕಿಗೆ ಒಂದೇ ಸಾಲು ಅಂತ ಹೇಳು. 4.2 ಅಥವಾ ಹಳಬನಾದರೆ, ಆ ಸಾಲಿನ ಉದ್ದ 256 ಅಲ್ಲ, 128 ಅಂತ ಹೇಳು. 3.1 ಅಥವಾ ಹಳಬನಾದರೆ, ಡಿಸ್ಕಾರ್ಡ್ ಅನ್ನೋದೇ ಇಲ್ಲ ಅಂತ ಹೇಳು. ಹೊಸಬರಿಗೆ ಹೊಸ ಡಿಫಾಲ್ಟ್, ಹಳಬರಿಗೆ ಅವರು ಹುಟ್ಟಿದಾಗ ಕಂಡ ಲೋಕವೇ.

ಆ ಪಟ್ಟಿಯನ್ನ ಮೊದಲ ಸಲ ಓದಿದಾಗ ನನಗೆ ಸಿಟ್ಟೇ ಬಂತು. ಇಷ್ಟು ಸರಳವಾದದ್ದು ನನಗೇಕೆ ಹೊಳೆಯಲಿಲ್ಲ? ಅದೂ ನಮ್ಮಪ್ಪನ ಪಹಣಿ ನೋಡಿಕೊಂಡು ಬೆಳೆದವನಿಗೆ! ನಮ್ಮ ಹೊಲ ನನ್ನ ತಾತನ ಕಾಲದಲ್ಲಿ ಒಂದೇ ಸರ್ವೆ ನಂಬರ್. ಪಾಲಾಗಿ ಪೋಡಿಯಾದಾಗ ಅದೇ ನಂಬರಿನ ಮುಂದೆ ಗೆರೆ ಹಾಕಿ ಹಿಸ್ಸಾ ನಂಬರ್ ಬಂತು. ಊರಿನ ಎಲ್ಲಾ ಹೊಲಕ್ಕೂ ಒಂದರಿಂದ ಹೊಸದಾಗಿ ನಂಬರ್ ಕೊಟ್ಟಿದ್ದರೆ ಪಟ್ಟಿ ನೋಡೋಕೆ ಚೆಂದ ಇರುತ್ತಿತ್ತು. ಆದರೆ ಟ್ರಂಕಿನಲ್ಲಿರೋ ಹಳೆಯ ಕ್ರಯಪತ್ರ, ಬ್ಯಾಂಕಿನಲ್ಲಿರೋ ಅಡಮಾನ, ಕೋರ್ಟಿನಲ್ಲಿರೋ ದಾವೆ, ಎಲ್ಲದರಲ್ಲೂ ಹಳೆಯ ನಂಬರೇ ಇದೆ. ಆ ಕಾಗದಗಳನ್ನ ಹುಡುಕಿಕೊಂಡು ಹೋಗಿ ತಿದ್ದೋಕಾಗೋದಿಲ್ಲ ಅನ್ನೋದು ಕಂದಾಯ ಇಲಾಖೆಗೂ ಗೊತ್ತು, ಶ್ಯಾನುಭೋಗರಿಗೂ ಗೊತ್ತಿತ್ತು. ಬಿಇ ಓದಿದ ನನಗೆ ಗೊತ್ತಿರಲಿಲ್ಲ.

ಡಿಸ್ಕ್ ಫೈಲಿನ ವಿಷಯದಲ್ಲೂ ಇಂಥದ್ದೇ ಒಂದು ಚೆಂದದ ಏರ್ಪಾಡಿದೆ. ಕ್ಯೂಎಮುವಿನ ಡಿಸ್ಕ್ ಫೈಲಿನ ಬಗೆಗೆ ಕ್ಯೂಕೌ2 ಅಂತ ಹೆಸರು. 2012ರಲ್ಲಿ 1.1 ಆವೃತ್ತಿಯ ಜೊತೆ ಅದರ ಹೊಸ ರೂಪ ಬಂತು. ಮುಂದೆ ಬರೋ ಸೌಲಭ್ಯಗಳಿಗಾಗಿ ಅದರ ಮೊದಲ ಪುಟದಲ್ಲೇ ಮೂರು ಡಬ್ಬಿ ಇಟ್ಟರು. ಮೊದಲನೆಯದರಲ್ಲಿ ಗುರುತು ಇದ್ದು ನಿನಗೆ ಅದು ಅರ್ಥವಾಗದಿದ್ದರೆ, ಈ ಫೈಲನ್ನ ತೆರೆಯಲೇಬೇಡ. ಎರಡನೆಯದರಲ್ಲಿದ್ದರೆ, ಅರ್ಥವಾಗದಿದ್ದರೂ ಪರವಾಗಿಲ್ಲ, ಮುಂದುವರಿ. ಮೂರನೆಯದು ನನಗಿಷ್ಟ: ನಿನಗೆ ಅರ್ಥವಾಗದಿದ್ದರೂ ಬರೆಯಬಹುದು, ಆದರೆ ಬರೆಯೋ ಮುಂಚೆ ಈ ಗುರುತನ್ನ ಅಳಿಸು. ಆಗ ಮುಂದೆ ತಿಳಿದವನು ಬಂದಾಗ, 'ನಡುವೆ ತಿಳಿಯದವನೊಬ್ಬ ಕೈಯಾಡಿಸಿದ್ದಾನೆ, ಹಳೆಯ ಲೆಕ್ಕ ನಂಬಬಾರದು' ಅಂತ ಗೊತ್ತಾಗುತ್ತೆ. ಇನ್ನೂ ಹುಟ್ಟದ ಸೌಲಭ್ಯಗಳಿಗೂ ಇನ್ನೂ ಸಾಯದ ಹಳಬರಿಗೂ ನಡುವೆ ಮುಂಚಿತವಾಗಿಯೇ ಆದ ಒಪ್ಪಂದ ಇದು. ಈ ಹೊಸ ರೂಪವನ್ನೂ ಅವರು ಬಂದ ಕೂಡಲೇ ಡಿಫಾಲ್ಟ್ ಮಾಡಲಿಲ್ಲ. 2013ರಲ್ಲಿ 1.7 ಬರೋವರೆಗೆ ಕಾದರು. ನಾನು ಒಂದು ಮಧ್ಯಾಹ್ನವೂ ಕಾದಿರಲಿಲ್ಲ.

ಹಾಗಂತ ಹಳೆಯದನ್ನೆಲ್ಲ ಕೊನೆತನಕ ಹೊತ್ತುಕೊಂಡೇ ಇರಬೇಕಾ? ಇಲ್ಲ. ಪ್ರತಿ ಹಳೆಯ ಸಾಲಿಗೂ ಟೆಸ್ಟ್ ಬೇಕು, ಅದನ್ನ ಅರ್ಥ ಮಾಡಿಕೊಂಡವರು ಟೀಮಿನಲ್ಲಿರಬೇಕು. ಹಳೆಯ ಬಾಗಿಲುಗಳು ಕಳ್ಳನಿಗೂ ಬಾಗಿಲೇ. ವರ್ಟಿಯೋ ಡಿಸ್ಕಿನಲ್ಲಿ ಮೊದಲು ನಿಜವಾದ ಡಿಸ್ಕಿಗೆ ನೇರವಾಗಿ ಸ್ಕಸಿ ಆಜ್ಞೆ ಕಳಿಸೋ ಸೌಲಭ್ಯವಿತ್ತು. ಒಂದು ಪಾರ್ಟಿಷನ್ ಮಾತ್ರ ಕೊಟ್ಟಿದ್ದರೂ ಒಳಗಿನವನು ಇಡೀ ಡಿಸ್ಕನ್ನ ಮುಟ್ಟಬಹುದು ಅಂತ 2011ರಲ್ಲಿ ಗೊತ್ತಾಯಿತು. ಲಿನಕ್ಸ್‌ನವರು ಆ ತೂತು ಮುಚ್ಚಿದರು. ಕ್ಯೂಎಮು 2.5ರಿಂದ ಆ ಸೌಲಭ್ಯ ಹೊಸ ಮಷಿನ್‌ಗಳಿಗೆ ಡಿಫಾಲ್ಟಾಗಿ ಇಲ್ಲ, 2.4 ಮತ್ತು ಹಿಂದಿನ ಹೆಸರಿನವರಿಗೆ ಮಾತ್ರ ಉಳಿಯಿತು. 2024ರಲ್ಲಿ ಇನ್ನೊಂದು ನಿಯಮ ಬಂತು: ಒಂದು ಮಷಿನ್ ಟೈಪ್ ಮೂರು ವರ್ಷ ಆದಮೇಲೆ 'ಹಳೆಯದಾಯಿತು, ಬಿಡೋಕೆ ಸಿದ್ಧರಾಗಿ' ಅಂತ ಎಚ್ಚರಿಕೆ ಕೊಡುತ್ತೆ, ಆರು ವರ್ಷಕ್ಕೆ ತೆಗೆಯುತ್ತಾರೆ. ಇದು ನ್ಯಾಯ. ಕೊನೆಯ ತಾರೀಕು ಮೊದಲೇ ಹೇಳಿದರೆ ಜನ ಸಿದ್ಧವಾಗುತ್ತಾರೆ. ನನ್ನ ತಪ್ಪು ಐಡಿಇ ಬಿಟ್ಟದ್ದರಲ್ಲಿ ಇರಲಿಲ್ಲ; ಯಾರಿಗೂ ಹೇಳದೆ ಬಿಟ್ಟದ್ದರಲ್ಲಿ ಇತ್ತು. ಮಷಿನ್‌ಗಳಿಗೆ ಮಾತ್ರ ಅಲ್ಲ, ಅವುಗಳ ಹಿಂದಿದ್ದ ಮನುಷ್ಯರಿಗೂ.

ನಾವು ನಮ್ಮ ಕೋಡಿನಲ್ಲೂ ಅಂಥದ್ದೇ ಪಟ್ಟಿ ಶುರು ಮಾಡಿದೆವು. ಆಗಿನಿಂದ ಯಾವ ಮಷಿನ್ ಹುಟ್ಟಿದರೂ, ಡಿಸ್ಕ್ ಯಾವ ಬಗೆ, ಯಾವ ಮಷಿನ್ ಟೈಪ್ ಅನ್ನೋದನ್ನ ಅದೇ ಕ್ಷಣ ಕಾನ್ಫಿಗರೇಶನ್‌ನಲ್ಲಿ ಬರೆದಿಡುತ್ತೇವೆ. ಡಿಫಾಲ್ಟ್ ಅನ್ನೋದು ಹುಟ್ಟುವಾಗಿನ ಮಾತು, ಏಳುವಾಗಿನ ಮಾತಲ್ಲ. 'ಖಾಲಿ ಇದ್ದರೆ ಐಡಿಇ' ಅನ್ನೋ ಹಳೆಯ ಸಾಲನ್ನೂ ಉಳಿಸಿಕೊಂಡೆವು, ಬ್ಯಾಕಪ್‌ನಿಂದ ಯಾವುದಾದರೂ ಹಳಬ ಎದ್ದುಬಂದರೆ ಇರಲಿ ಅಂತ. ಅದರ ಮೇಲೆ ಒಂದು ಕಾಮೆಂಟ್ ಬರೆದಿಟ್ಟೆ: 'ಇದನ್ನ ಮುಟ್ಟೋ ಮುಂಚೆ ನನ್ನ ಹತ್ತಿರ ಬಂದು ಮೇ 7ರ ಕಥೆ ಕೇಳಿ.' ನಾಲ್ಕಾರು ಹುಡುಗರು ಬಂದು ಕೇಳಿದ್ದಾರೆ.

ಆ ಫ್ಯಾಕ್ಟರಿಯ ಪೇರೋಲ್ ಮಷಿನ್ ಐಡಿಇ ಡಿಸ್ಕಿನ ಮೇಲೆಯೇ 2021ರವರೆಗೆ ಓಡಿತು. ಅವರು ಬೇರೆ ಸಾಫ್ಟ್‌ವೇರಿಗೆ ಹೋದಾಗ ಅದನ್ನ ಆಫ್ ಮಾಡಿದೆವು. ಅಲ್ಲಿಯವರೆಗೆ ಪ್ರತಿ ತಿಂಗಳು ಏಳನೇ ತಾರೀಕು ಬೆಳಿಗ್ಗೆ, ಕಾಫಿಗೆ ಹೋಗೋ ಮುಂಚೆ, ಅದು ಎದ್ದಿದೆಯಾ ಅಂತ ಒಂದು ಸಲ ನೋಡಿಕೊಳ್ಳುತ್ತಿದ್ದೆ.